ಏನೂ ಇಲ್ಲವೆಂದು ಬರೆದ ಹನ್ನೊಂದು ವರ್ಷ

ಆ ಊರಿನ ಹಣಕಾಸು ಸಮಿತಿಯಲ್ಲಿ ಒಂದು ವಾಡಿಕೆಯಿತ್ತು: ಉಳಿಸಿ ಎಂದವರೇ ಕಡಿಯಬೇಕು. ಬಜೆಟ್ಟಿನ ಯಾವುದೋ ಒಂದು ಬಾಬ್ತನ್ನು ತೆಗೆದುಹಾಕೋಣವೆಂದು ಅಧ್ಯಕ್ಷರು ಹೇಳಿದಾಗ ಯಾರಾದರೂ ಬೇಡ, ಅದಿರಲಿ ಎಂದರೆ, ಅಷ್ಟೇ ಮೊತ್ತದ ಇನ್ನೊಂದು ಬಾಬ್ತನ್ನು ಅವರೇ ಬಾಯಿಬಿಟ್ಟು ಹೆಸರಿಸಬೇಕು. ದೀಪ ಉಳಿಯಲಿ ಎಂದವರು ಚರಂಡಿಯ ಹೆಸರು ಹೇಳಬೇಕು, ಚರಂಡಿ ಉಳಿಯಲಿ ಎಂದವರು ವಾಚನಾಲಯದ ಹೆಸರು ಹೇಳಬೇಕು. ಕೇಳುವುದಕ್ಕೆ ಧರ್ಮದ ಮಾತಿನಂತೆಯೇ ಇತ್ತು. ಆದರೆ ಐದು ಜನ ಕೂತ ಕೋಣೆಯಲ್ಲಿ ಮಧ್ಯಾಹ್ನ ಆಡಿದ ಮಾತು ದೀಪ ಹಚ್ಚುವುದರೊಳಗೆ ಐನೂರು ಮನೆಯ ಬಾಗಿಲು ತಟ್ಟುವ ಊರು ಅದು. ವಾಚನಾಲಯದ ಹೆಸರು ಹೇಳಿದವರು ಮರುದಿನ ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ. ಹೀಗಾಗಿ ಬೆಕ್ಕಿಗೆ ಗಂಟೆ ಕಟ್ಟುವ ಉಸಾಬರಿಯೇ ಬೇಡವೆಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಕಲಿತಿದ್ದರು. ಅಧ್ಯಕ್ಷರು ಸಾಲು ಓದುವರು, ಪೆನ್ಸಿಲಿನ ಹಿಂಬದಿಯಿಂದ ಮೇಜನ್ನು ಎರಡು ಸಲ ಕುಟ್ಟುವರು, ಯಾರೂ ಕೆಮ್ಮದಿದ್ದರೆ ಸಾಲು ಪಾಸು. ಹತ್ತೊಂಬತ್ತು ವರ್ಷದಿಂದ ಆ ಊರಿನ ಬಜೆಟ್ಟು ಐದಕ್ಕೆ ಐದು ಸಹಿಯೊಂದಿಗೇ ಊರಸಭೆಗೆ ಹೋಗಿತ್ತು.

ಅಧ್ಯಕ್ಷರು ಕೆಟ್ಟವರೇನಲ್ಲ. ನಿವೃತ್ತ ಹೆಡ್ಮಾಸ್ತರು. ಸರ್ಕಾರಿ ಪೆನ್ಸಿಲಿನಲ್ಲಿ ಸ್ವಂತ ಪತ್ರ ಬರೆದವರಲ್ಲ. ಸಮಿತಿಗೆ ಬಂದರೆ ಚಹಾದ ಖರ್ಚೂ ತಮ್ಮದೇ. ಅವರ ಬಲಗಡೆ ಮರದ ಸಾಹುಕಾರ, ಎಡಗಡೆ ಔಷಧಿ ಅಂಗಡಿಯವರು, ಎದುರಿಗೆ ನಿವೃತ್ತ ಬಸ್ ಕಂಡಕ್ಟರು. ಐದನೆಯ ಕುರ್ಚಿ ಆ ವರ್ಷವಷ್ಟೇ ಹೊಸದಾಗಿ ಬಂದ ಹೊಲಿಗೆಯಕ್ಕನದು. ತಗ್ಗುಬೀದಿಯ ಜನ ಅವಳನ್ನು ಆರಿಸಿ ಕಳಿಸಿದ್ದರು. ನದಿಯ ಒಡ್ಡಿನ ಕೆಳಗೇ ಇರುವ ಬೀದಿ ಅದು. ಅಲ್ಲಿನ ಮನೆಯೊಳಗೆ ನಿಂತು ಕಿಟಕಿಯಿಂದ ನೋಡಿದರೆ ಒಡ್ಡಿನ ನೆತ್ತಿ ಸೂರಿಗಿಂತ ಎತ್ತರದಲ್ಲಿ ಕಾಣುತ್ತದೆ. ಅದರಾಚೆಗೆ ನೀರು.

ಆ ಶನಿವಾರ ಮಧ್ಯಾಹ್ನ ಶಾಲೆಯ ಮಾಡಿನ ಮಾತು ಬಂತು. ಮಾಡು ಸೋರುತ್ತಿತ್ತು, ಸುಳ್ಳಲ್ಲ. ಮಳೆಗಾಲದಲ್ಲಿ ಮಕ್ಕಳು ಬೆಂಚಿನ ನಡುವೆ ಬಕೆಟ್ಟು ಇಟ್ಟುಕೊಂಡು ಮಗ್ಗಿ ಒಪ್ಪಿಸುತ್ತಿದ್ದರು. ಹೊಸ ಮಾಡಿಗೆ ಹಣ ಒಟ್ಟಾಗಿತ್ತು, ಒಂದಿಷ್ಟು ಕೊರತೆ. ಅಧ್ಯಕ್ಷರು ಪಟ್ಟಿಯ ಮೇಲೆ ಬೆರಳಾಡಿಸಿ ನಲವತ್ತೊಂದನೆಯ ಸಾಲಿಗೆ ಬಂದು ನಿಂತರು. ಒಡ್ಡಿನ ಕಾವಲು: ಒಬ್ಬನ ವರ್ಷದ ಸಂಬಳ, ಒಂದು ಗುದ್ದಲಿ, ಎಂಟು ಬುಟ್ಟಿ. ಕೊರತೆಗೆ ಅಳೆದು ಹೊಲಿದ ಹಾಗೆ ಕೂರುವ ಮೊತ್ತ.

ಗುಮಾಸ್ತರು ಕಾವಲಿನವನ ದಿನಚರಿ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಹನ್ನೊಂದು ಪುಸ್ತಕ, ವರ್ಷಕ್ಕೊಂದು. ಪ್ರತಿ ಪುಟದಲ್ಲಿ ತಾರೀಖು, ಅದರ ಮುಂದೆ 'ಒಡ್ಡಿನ ಸ್ಥಿತಿ' ಎಂಬ ಅಂಕಣ, ಅದರ ಕೆಳಗೆ ಮೇಲಿನಿಂದ ತುದಿಯವರೆಗೆ ಒಂದೇ ಮಾತು: ಏನೂ ಇಲ್ಲ. ಏನೂ ಇಲ್ಲ. ಏನೂ ಇಲ್ಲ. ಔಷಧಿ ಅಂಗಡಿಯವರು ಮೂರು ಪುಸ್ತಕ ತಿರುವಿಹಾಕಿ, ಸುಣ್ಣ ಬಳಿದ ಗೋಡೆ ನೋಡಿದ ಹಾಗಾಯಿತೆಂದರು. ಮರದ ಸಾಹುಕಾರ ನಕ್ಕು, ಏನೂ ಇಲ್ಲದ ಒಡ್ಡಿಗೆ ವರ್ಷಕ್ಕೆ ಎಂಟು ಬುಟ್ಟಿ ಯಾಕೆ ಬೇಕಾಯಿತೋ, ಆ ಬುಟ್ಟಿಗಳು ಈಗ ಯಾರ ಮನೆಯಲ್ಲಿ ಈರುಳ್ಳಿ ತುಂಬಿಕೊಂಡು ಕೂತಿವೆಯೋ ಎಂದ.

ಹೊಲಿಗೆಯಕ್ಕನ ಕಿವಿ ಬಿಸಿಯಾಯಿತು. ಆ ಕಾವಲಿನವನು ಅವಳ ಭಾವ, ತೀರಿಹೋದ ಗಂಡನ ಅಣ್ಣ. ಊರವರ ಬಾಯಲ್ಲಿ ಅವನು ಒಡ್ಡಿನಣ್ಣ. ಪಕ್ಕದ ಮನೆಯ ಬಳ್ಳಿ ತನ್ನ ಅಂಗಳಕ್ಕೆ ಬಗ್ಗಿ ಕಾಯಿ ಬಿಟ್ಟರೆ ಕಿತ್ತು ಪಕ್ಕದ ಮನೆಗೇ ಕೊಟ್ಟುಬರುವ ಮನುಷ್ಯ.

ಪೆನ್ಸಿಲು ಒಂದು ಸಲ ಕುಟ್ಟಿತು. ಎರಡನೆಯದಕ್ಕೆ ಮೇಲೆದ್ದಾಗ ಅವಳು ಹೇಳಿದಳು: "ಬೇಡ ಮೇಷ್ಟ್ರೇ. ಅದಿರಲಿ."

ಪೆನ್ಸಿಲು ಗಾಳಿಯಲ್ಲೇ ನಿಂತಿತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, ಹೊಸಬರಿಗೆ ತಿಳಿಹೇಳುವ ದನಿಯಲ್ಲಿ ವಾಡಿಕೆಯನ್ನು ವಿವರಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ ಅಮ್ಮ, ಅದನ್ನು ಉಳಿಸಬೇಕಾದರೆ ಇನ್ನೊಂದರ ಹೆಸರು ಹೇಳಿ ಎಂದರು. ಮರದ ಸಾಹುಕಾರ ಛಾವಣಿ ನೋಡುತ್ತ, "ಭಾವನ ಸಂಬಳ ಅಲ್ವಾ ಅಕ್ಕ, ಹೊಟ್ಟೆ ಉರಿಯೋದು ಸಹಜ" ಎಂದ.

"ಭಾವನೇ ಹೌದು. ನನಗೆ ಭಾವ, ಒಡ್ಡಿಗೆ ಯಾರೂ ಅಲ್ಲ. ಒಂದು ವಾರ ಕೊಡಿ. ಆ ಪುಸ್ತಕದಲ್ಲಿ ಯಾಕೆ ಹಾಗಿದೆ ಅಂತ ಕೇಳ್ಕೊಂಡು ಬರ್ತೀನಿ."

ಅಧ್ಯಕ್ಷರು ವಾರ ಕೊಟ್ಟರು. ಮಕ್ಕಳು ಉತ್ತರ ಗೊತ್ತಿಲ್ಲದೆ ಎದ್ದುನಿಂತರೂ ಸಮಯ ಕೊಟ್ಟೇ ಅಭ್ಯಾಸ ಅವರಿಗೆ.

ಮನೆಗೆ ಬಂದವಳು ಹೊಲಿಗೆಯಂತ್ರದ ಮುಂದೆ ಕೂರಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಅತ್ತೆ ಮಲಗಿದ್ದಳು. ಸೊಂಟ ಬಿದ್ದು ನಾಲ್ಕು ವರ್ಷ. ಆದರೆ ನಾಲಿಗೆ ಇನ್ನೂ ನಡೆದಾಡುತ್ತಿತ್ತು. ಸೊಸೆ ಹೇಳಿದ್ದನ್ನೆಲ್ಲ ಮುದುಕಿ ಕೇಳಿದಳು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ್ರು ಹಿಂದಿನವರು. ಕಾಲು ಕತ್ತರಿಸು ಅನ್ನಲಿಲ್ಲ" ಎಂದಳು. ಆಮೇಲೆ, ನಿನ್ನ ಭಾವನಿಗೆ ಹೋಗಿ ಬೈಯಿ, ನಾನು ಹೆತ್ತವಳು, ನನ್ನ ಬೈಗುಳ ಅವನಿಗೆ ನಾಟುವುದಿಲ್ಲ ಎಂದು ಅಪ್ಪಣೆ ಕೊಟ್ಟಳು.

ಒಡ್ಡಿನಣ್ಣ ತನ್ನ ಮನೆಯ ಹಿತ್ತಿಲಲ್ಲಿ ಕೂತು ಹಳೆ ಬುಟ್ಟಿಯ ತಳ ಕಟ್ಟುತ್ತಿದ್ದ. ಎಂಟು ಬುಟ್ಟಿಯಲ್ಲಿ ಆರು ತೇಪೆ ಬಿದ್ದವು, ಎರಡು ತೇಪೆಗೂ ಬಾರದವು. ಒದ್ದೆ ಜೇಡಿ ಹೊತ್ತ ಬುಟ್ಟಿ ಎಷ್ಟು ದಿನ ಬಾಳೀತು? ಅವಳು ನಡೆದದ್ದನ್ನು ಹೇಳಿ, ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ಒಂದು ಇಲಿಬಿಲ ಕಂಡೆ ಅಂತ ಬರೆಯಬಾರದಿತ್ತೇ ಎಂದು ಕೇಳಿದಳು. ಅವನು ತಬ್ಬಿಬ್ಬಾದ.

"ಬಿಲ ದಿನಾ ಇರುತ್ತೆ ತಂಗಿ. ಮುಚ್ಚಿದ ಮೇಲಲ್ವಾ ಪುಸ್ತಕ ತೆಗೆಯೋದು? ಒಡ್ಡಿನ ಸ್ಥಿತಿ ಏನು ಅಂತ ಕೇಳ್ತಾರೆ ಅದರಲ್ಲಿ. ಮುಚ್ಚಿ, ಬಡಿದು, ಕೈ ತೊಳ್ಕೊಂಡು ನೋಡಿದ್ರೆ ಏನೂ ಇಲ್ಲ. ಇಲ್ಲದ್ದನ್ನ ಇದೆ ಅಂತ ಹ್ಯಾಗೆ ಬರೀಲಿ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಲೋಕದಲ್ಲಿ ಮಾಡದ ಕೆಲಸವನ್ನು ಮಾಡಿದೆನೆಂದು ಬರೆದು ಸಿಕ್ಕಿಬಿದ್ದವರುಂಟು. ಮಾಡಿದ ಕೆಲಸವನ್ನು ಇಷ್ಟು ಚೆನ್ನಾಗಿ ಅಳಿಸಿ ಸಿಕ್ಕಿಬಿದ್ದವನು ಇವನೊಬ್ಬನೇ. ಆದರೆ ಯೋಚಿಸಿ ನೋಡಿದರೆ ದೇವರದ್ದೂ ಇದೇ ಕಥೆ. ರಾತ್ರಿಯೆಲ್ಲ ಎಚ್ಚರವಿದ್ದು ನಮ್ಮ ಉಸಿರು ಕಾಯುತ್ತಾನೆ, ಬೆಳಗ್ಗೆ ತನ್ನ ಹೆಸರಿನಲ್ಲಿ ಒಂದು ಸಾಲೂ ಬರೆದಿಡುವುದಿಲ್ಲ. ಅದಕ್ಕೇ ಅವನು ಇಲ್ಲ ಎನ್ನುವವರು ಇಷ್ಟು ನೆಮ್ಮದಿಯಾಗಿ ಹೇಳಿಕೊಂಡು ಓಡಾಡುತ್ತಾರೆ.

ಹಾಗಾದರೆ ಈ ವಾರ ಒಂದನ್ನೂ ಮುಚ್ಚಬೇಡಿ ಭಾವ, ಹಾಗೇ ಬಿಡಿ, ಶನಿವಾರ ಸಮಿತಿಯವರನ್ನು ಕರೆತಂದು ತೋರಿಸುತ್ತೇನೆ ಎಂದಳು. ಬೇಸಿಗೆ, ನೀರು ಕೆಳಗಿದೆ, ವಾರ ಬಿಟ್ಟರೆ ಏನೂ ಆಗುವುದಿಲ್ಲ ಎಂದಳು. ಒಡ್ಡಿನಣ್ಣ ಬುಟ್ಟಿಯನ್ನು ಕೆಳಗಿಟ್ಟ. ಅವನು ದನಿಯೆತ್ತಿ ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಆಗಲೂ ದನಿ ಎತ್ತಲಿಲ್ಲ.

"ಸಂಬಳ ಹೋದ್ರೆ ಹೋಗ್ಲಿ. ತೂತು ಕಂಡು ಮುಚ್ಚದೆ ಬರೋದು ನನ್ನ ಕೈಲಾಗಲ್ಲ. ಅದೊಂದು ಕೇಳಬೇಡ."

ಅವಳು ಮತ್ತೆ ಕೇಳಲಿಲ್ಲ. ಅವನು ಅನ್ನವನ್ನೇ ಪಣಕ್ಕಿಟ್ಟು ಇಲ್ಲವೆಂದಾಗ, ಕೇಳಿದ್ದಕ್ಕೆ ತನಗೇ ನಾಚಿಕೆಯಾಯಿತು. ಬದಲಿಗೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಗಿರಾಕಿಗಳ ಅಳತೆ ಬರೆಯುವ ಉದ್ದನೆಯ ನೋಟ್‌ಬುಕ್ಕು ಹಿಡಿದುಕೊಂಡು ಅವನ ಹಿಂದೆ ಒಡ್ಡು ಹತ್ತಿದಳು. ಅತ್ತೆಯನ್ನು ನೋಡಿಕೊಳ್ಳಲು ಎದುರುಮನೆಯ ಹಾಲಿನವಳು ಒಪ್ಪಿದಳು.

ಒಡ್ಡು ಎರಡು ಮೈಲಿ ಉದ್ದ. ಅಷ್ಟು ವರ್ಷ ಅದರ ಬುಡದಲ್ಲೇ ಬದುಕಿದವಳಿಗೆ ಅದೊಂದು ಮಣ್ಣಿನ ಗೋಡೆಯಾಗಿತ್ತು, ಅಷ್ಟೆ. ಭಾವ ಅದನ್ನು ಓದುವುದನ್ನು ನೋಡಿ ಅವಳು ಬೆರಗಾದಳು. ಒಂದು ಕಡೆ ಹುಲ್ಲು ಅಕ್ಕಪಕ್ಕದ ಹುಲ್ಲಿಗಿಂತ ಹೆಚ್ಚು ಹಸಿರಾಗಿತ್ತು. ಎಷ್ಟು ಚೆಂದ ಎಂದಳು. ಚೆಂದ ಅಲ್ಲ ತಂಗಿ, ಒಳಗೆ ನೀರು ನಡೆಯುತ್ತಿದೆ ಎಂದು ಅವನು ಮಂಡಿಯೂರಿದ. ಗುದ್ದಲಿಯಿಂದ ಬಗೆದ. ಅಂಗೈಯಗಲದ ಬಿಲ, ಒಳಗೆ ಹೋಗುತ್ತ ಎರಡು ಕವಲಾಗಿತ್ತು. ಅವನು ಅದಕ್ಕೆ ಜೇಡಿ ತುಂಬುವ ಮೊದಲು ಅವಳು "ತಡೀರಿ" ಎಂದು ಟೇಪು ಇಳಿಬಿಟ್ಟಳು. ಬಾಯಿ ನಾಲ್ಕು ಅಂಗುಲ, ಆಳ ಎರಡೂವರೆ ಅಡಿ. ಬರೆದುಕೊಂಡಳು. ಆಮೇಲೆ ಅವನು ಒದ್ದೆ ಜೇಡಿಯನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರವನ್ನೂ ಮರದ ದಿಮ್ಮಸಿನಿಂದ ಬಡಿದು, ಮೇಲೆ ಕಿತ್ತಿಟ್ಟಿದ್ದ ಹುಲ್ಲಿನ ಹೆಂಟೆಯನ್ನೇ ಮತ್ತೆ ಹೊದಿಸಿದ. ಅರ್ಧ ಗಂಟೆಯ ಮೇಲೆ ಎಲ್ಲಿತ್ತೆಂದು ಅವಳಿಗೇ ತಿಳಿಯಲಿಲ್ಲ. ಹೊಲಿಗೆ ಕಾಣದಿದ್ದರೇ ಅದು ಒಳ್ಳೆಯ ಹೊಲಿಗೆ ಎಂದು ತನ್ನ ಕೈಕೆಳಗೆ ಕಲಿತ ಹೆಣ್ಣುಮಕ್ಕಳಿಗೆಲ್ಲ ಹೇಳಿದವಳು ಅವಳು. ಆ ಮಾತು ಮಣ್ಣಿಗೂ ಸಲ್ಲುತ್ತದೆಂದು ಈಗ ಗೊತ್ತಾಯಿತು.

ಆರು ಬೆಳಗು ಅವಳು ನಡೆದಳು. ಒಂದು ದಿನ ಮೂರು, ಒಂದು ದಿನ ಒಂಬತ್ತು. ಇಲಿಯದು, ಏಡಿಯದು, ಸತ್ತ ಮರದ ಬೇರು ಕೊಳೆತು ಬಿಟ್ಟ ಕೊಳವೆ. ನಾಲ್ಕನೆಯ ದಿನ ಮರದ ಸಾಹುಕಾರನ ದಿಮ್ಮಿ ಪೇರಿಸುವ ಅಡ್ಡೆಯ ಹಿಂದೆಯೇ, ತೋಳು ಭುಜದವರೆಗೆ ಹೋದರೂ ತಳ ಸಿಗದಷ್ಟು ಆಳದ ಒಂದು ಸಿಕ್ಕಿತು. ಟೇಪು ಸಾಲದೆ ಬಂತು. ಅದನ್ನೂ ಅವಳು ಹಾಗೇ ಬರೆದಳು: ಟೇಪು ಮುಗಿಯಿತು, ಬಿಲ ಮುಗಿಯಲಿಲ್ಲ. ಭಾವ ಆ ದಿನ ಮಧ್ಯಾಹ್ನದವರೆಗೂ ಅಲ್ಲೇ ಬಡಿದ. ಎದ್ದು ನಿಲ್ಲುವಾಗ ಒಂದು ಕೈ ಮೊಣಕಾಲಿನ ಮೇಲೆ, ಒಂದು ಕೈ ಗುದ್ದಲಿಯ ಮೇಲೆ. ಅವಳು ನೋಡಿಯೂ ನೋಡದವಳಂತೆ ನದಿಯ ಕಡೆ ತಿರುಗಿಕೊಂಡಳು. ಅವನು ಜೇಬಿನಿಂದ ಪುಸ್ತಕ ತೆಗೆದು, ಹಳೆಯ ಚಟ, ಏನೂ ಇಲ್ಲ ಎಂದು ಬರೆದ.

ಮುಂದಿನ ಶನಿವಾರ ಅವಳು ಸಮಿತಿಯ ಮುಂದೆ ನೋಟ್‌ಬುಕ್ಕು ಬಿಚ್ಚಿ ಮೂವತ್ತೊಂದು ಬಿಲಗಳನ್ನೂ ಓದಿದಳು. ಎಲ್ಲಿ, ಎಷ್ಟಗಲ, ಎಷ್ಟಾಳ. ಹದಿನೈದನೆಯದರ ಹೊತ್ತಿಗೆ ಔಷಧಿ ಅಂಗಡಿಯವರು ಗಡಿಯಾರ ನೋಡಿದರು. ಹತ್ತೊಂಬತ್ತಕ್ಕೆ ಅಡ್ಡೆಯ ಹಿಂದಿನದು ಬಂದಾಗ ಮರದ ಸಾಹುಕಾರ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದ. ಕಂಡಕ್ಟರು ಮಾತ್ರ ಪೂರ್ತಿ ಕೇಳಿ, ಈ ಲೆಕ್ಕದಲ್ಲಿ ವರ್ಷಕ್ಕೆ ಸಾವಿರದ ಎಂಟುನೂರು ಪ್ರಯಾಣಿಕರು ಟಿಕೆಟಿಲ್ಲದೆ ನಮ್ಮ ಒಡ್ಡಿನೊಳಗೆ ಹತ್ತಿ ಇಳಿಯುತ್ತಿದ್ದಾರೆ ಎಂದರು.

ಅಧ್ಯಕ್ಷರು ಒಳ್ಳೆಯ ಕೆಲಸ ಮಾಡಿದಿರಿ ಅಮ್ಮ ಎಂದು ಮನಸಾರೆ ಹೊಗಳಿದರು. ಬುಟ್ಟಿಯ ಮಾತಿಗೆ ಕಾವಲಿನವನ ಕ್ಷಮೆ ಕೇಳಬೇಕೆಂದು ಸಾಹುಕಾರನಿಗೂ ಹೇಳಿದರು. ಆಮೇಲೆ, ಆದರೂ ಮಾಡಿನ ಕೊರತೆ ಕೊರತೆಯಾಗಿಯೇ ಇದೆಯಲ್ಲ, ಈಗ ಹೆಸರು ಹೇಳಿ ಎಂದರು. ಅವರೇ ಪಟ್ಟಿ ನೋಡಿ ದಾರಿ ತೋರಿಸಿದರು. ತಗ್ಗುಬೀದಿಯ ಕಲ್ಲುಹಾಸು ಇದೆ, ಮೊತ್ತ ಹೆಚ್ಚುಕಡಿಮೆ ಅಷ್ಟೇ, ನಿಮ್ಮ ಬೀದಿಯದೇ ಆದದ್ದರಿಂದ ನೀವು ಹೇಳಿದರೆ ಯಾರೂ ಆಕ್ಷೇಪಿಸುವುದಿಲ್ಲ.

ಒಂಬತ್ತು ವರ್ಷ ಕೇಳಿಕೇಳಿ ಬಂದ ಕಲ್ಲುಹಾಸು ಅದು. ಅದಕ್ಕಾಗಿಯೇ ಬೀದಿಯವರು ಅವಳನ್ನು ಇಲ್ಲಿಗೆ ಕಳಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ಎಂದುಕೊಂಡಳು. ಹೇಳಿಬಿಟ್ಟರೆ ಭಾವನ ಕೆಲಸ ಉಳಿಯುತ್ತದೆ, ಕೋಣೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಾಲಿಗೆಯ ತುದಿಯವರೆಗೂ ಬಂತು. ಆದರೆ ಇದರ ಕೊನೆ ಎಲ್ಲಿ? ಇವತ್ತು ತಾನು ಕೊಟ್ಟರೆ ನಾಳೆ ಒಡ್ಡು ತಗ್ಗುಬೀದಿಯವರ ಸ್ವಂತ ಖರ್ಚು ಎಂದಾಗುತ್ತದೆ. ಪ್ರತಿ ವರ್ಷ ಯಾರೋ ಒಬ್ಬ ಬಡಪಾಯಿ ಈ ಕುರ್ಚಿಯಲ್ಲಿ ಕೂತು ತನ್ನ ಮನೆಯ ಕಂಬ ಕಿತ್ತು ಊರಿನ ಒಡ್ಡಿಗೆ ಊರುಗೋಲು ಕೊಡಬೇಕಾಗುತ್ತದೆ.

"ಈ ವಾಡಿಕೆ ಯಾವ ಪುಸ್ತಕದಲ್ಲಿದೆ ಮೇಷ್ಟ್ರೇ?" ಎಂದು ಕೇಳಿದಳು.

ಅಧ್ಯಕ್ಷರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ನೆಲ ನೋಡಿದರು. ಸಮಿತಿಯ ನಿಯಮದ ಪುಸ್ತಕದಲ್ಲಿರಲಿಲ್ಲ. ಹತ್ತೊಂಬತ್ತು ವರ್ಷದ ಕೆಳಗೆ ಅಧ್ಯಕ್ಷರೇ, ಸಭೆಯಲ್ಲಿ ಬರೀ ಬೇಡ ಬೇಡ ಎನ್ನುವ ಕೂಗಾಟ ತಡೆಯಲಾರದೆ ಹಾಕಿದ ಪದ್ಧತಿ ಅದು. ಆಗ ಬೇಕಾಗಿತ್ತು, ಆಮೇಲೆ ಉಳಿದುಕೊಂಡಿತು.

"ಹಾಗಾದ್ರೆ ನಾನು ಹೆಸರು ಹೇಳಲ್ಲ" ಎಂದಳು ಹೊಲಿಗೆಯಕ್ಕ. "ಒಡ್ಡು ಊರಿಂದು. ಹಣ ಎಲ್ಲಿಂದ ಅಂತ ಹುಡುಕೋದು ಐದೂ ಜನರ ಕೆಲಸ. ನಾನೊಬ್ಬಳೇ ಕತ್ತಿ ಹಿಡ್ಕೊಂಡು ಬೀದಿಬೀದಿ ಸುತ್ತೋಳಲ್ಲ."

ಕೈಯೆತ್ತಿಸಿದರು. ಅವಳು, ಕಂಡಕ್ಟರು ಒಂದು ಕಡೆ. ಸಾಹುಕಾರ, ಔಷಧಿ ಅಂಗಡಿಯವರು ಇನ್ನೊಂದು ಕಡೆ. ಉಳಿದದ್ದು ಅಧ್ಯಕ್ಷರ ಕೈ. ಬಕೆಟ್ಟಿಗೆ ಬೀಳುವ ಹನಿಯ ಸದ್ದು ಅವರ ಕಿವಿಯಲ್ಲಿತ್ತೋ ಏನೋ. ಮಾಡಿನ ಕಡೆಗೇ ಕೈಯೆತ್ತಿದರು. ಮೋಸವಿಲ್ಲದ ಕೈ, ಆದ್ದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಗುಮಾಸ್ತರು ಸಹಿಗೆ ಕಾಗದ ಸುತ್ತಿಸಿದರು. ಕಂಡಕ್ಟರದೂ ಸೇರಿ ನಾಲ್ಕು ಸಹಿ ಬಿದ್ದವು. ಅವಳ ಮುಂದೆ ಬಂದಾಗ ಅವಳು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ಔಷಧಿ ಅಂಗಡಿಯವರು, ಸೋತಮೇಲೂ ಸಹಿ ಮಾಡುವುದು ಸಭ್ಯತೆ ಎಂದರು. ಸಾಹುಕಾರ, ತಗ್ಗುಬೀದಿಯ ಮುನಿಸು ಎಂದ. ಅವಳು ಸಹಿ ಇಲ್ಲದಿದ್ದರೆ ಏನಾಗುತ್ತದೆಂದು ಗುಮಾಸ್ತರನ್ನು ಕೇಳಿದಳು. ಇದು ಮಾತ್ರ ಪುಸ್ತಕದಲ್ಲಿತ್ತು. ಗುಮಾಸ್ತರು ಧೂಳು ಕೊಡವಿ ಓದಿದರು: ಒಬ್ಬರ ಸಹಿ ತಪ್ಪಿದರೂ ಅವರ ಕಾರಣವನ್ನು ಅಧ್ಯಕ್ಷರು ಊರಸಭೆಯಲ್ಲಿ ಅಕ್ಷರ ಬಿಡದೆ ಓದಬೇಕು, ಆ ಬಾಬ್ತನ್ನು ಊರವರೇ ಕೈಯೆತ್ತಿ ತೀರ್ಮಾನಿಸಬೇಕು.

ಅವಳು ನೋಟ್‌ಬುಕ್ಕಿನ ಆರು ಹಾಳೆಗಳನ್ನು ಹರಿದು ಮೇಜಿನ ಮೇಲಿಟ್ಟಳು. "ಇದು ನನ್ನ ಕಾರಣ" ಎಂದಳು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು ಎಂದು ಅಧ್ಯಕ್ಷರು ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡರು. ಅವರ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿತು. ಆದರೂ ಪೆನ್ನು ಮುಟ್ಟಲಿಲ್ಲ.

ಹದಿನೈದು ದಿನಕ್ಕೆ ಊರಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ಸೇರಿತು. ಮೇಲೆ ನೋಡಿದರೆ ಮಾಡಿನ ಹಲಗೆಗಳ ಮೇಲೆ ಕಂದುಬಣ್ಣದ ಕಲೆಗಳು, ಒಂದೊಂದು ಮಳೆಗಾಲದ್ದು ಒಂದೊಂದು. ಜನ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಇಕ್ಕಟ್ಟಾಗಿ ಕೂತರು. ಅಧ್ಯಕ್ಷರು ಆರು ಹಾಳೆ ಕೈಗೆತ್ತಿಕೊಂಡರು. ಅವರಿಗೆ ಇಷ್ಟವಿರಲಿಲ್ಲ. ಆದರೆ ಪಾಠ ಓದುವಾಗ ಸಾಲು ಹಾರಿಸುವುದು ಅವರ ಹುಟ್ಟುಗುಣದಲ್ಲೇ ಇರಲಿಲ್ಲ. ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ, ಮೂವತ್ತೊಂದನ್ನೂ ಓದಿದರು. ಎಂಟನೆಯದಕ್ಕೆ ಗುಸುಗುಸು ನಿಂತಿತು. ಟೇಪು ಮುಗಿಯಿತು, ಬಿಲ ಮುಗಿಯಲಿಲ್ಲ ಎಂದು ಓದಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ದೇವರೇ ಎಂದರು. ಆರು ದಿನದ್ದು ಇಷ್ಟು, ಹನ್ನೊಂದು ವರ್ಷದ್ದು ಬರೆದವರಿಲ್ಲ ಎಂದು ಕೊನೆಯ ಸಾಲಿತ್ತು. ಅದನ್ನು ಓದುವಾಗ ಮೇಷ್ಟ್ರ ದನಿ ಸ್ವಲ್ಪ ತಗ್ಗಿತು.

ಕಾವಲಿನವನು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಒಡ್ಡಿನಣ್ಣ ಗೋಡೆಯ ಪಕ್ಕದಲ್ಲಿ ನಿಂತಿದ್ದ. ಅಷ್ಟು ಮುಖಗಳು ಒಮ್ಮೆಗೇ ತಿರುಗಿದ್ದಕ್ಕೆ ಹೆದರಿ, ಮನಸ್ಸಿನಲ್ಲಿದ್ದ ಒಂದೇ ಒಂದು ಮಾತನ್ನು ಹೇಳಿಬಿಟ್ಟ.

"ಸಂಬಳ ಇದ್ರೂ ಹೋಗ್ತೀನಿ, ಇಲ್ದಿದ್ರೂ ಹೋಗ್ತೀನಿ. ಮಕ್ಕಳು ನೆನೀಬಾರದು."

ಕೋಣೆಗೆ ಕೋಣೆಯೇ ಕರಗಿತು. ಆ ಕರಗುವಿಕೆಯ ನಡುವೆ ಮರದ ಸಾಹುಕಾರ ಎದ್ದುನಿಂತ. ಇದಕ್ಕಿಂತ ದೊಡ್ಡ ಮನಸ್ಸುಂಟೇ ಎಂದ. ಮಾಡೂ ಆಯಿತು, ಒಡ್ಡೂ ಉಳಿಯಿತು, ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ, ಊರಿನ ಪರವಾಗಿ ಅಣ್ಣನಿಗೊಂದು ಸನ್ಮಾನ ಮಾಡಿ ಮುಗಿಸೋಣ ಎಂದ. ಜನ ತಲೆದೂಗಿದರು. ಚಪ್ಪಾಳೆ ಶುರುವಾಗಿ, ಮುಂದಿನ ಬೆಂಚಿನಿಂದ ಹಿಂದಕ್ಕೆ ಹೋಯಿತು. ಒಡ್ಡಿನಣ್ಣ ಏನಾಯಿತೆಂದು ತಿಳಿಯದೆ ಕೈಮುಗಿದು ನಿಂತಿದ್ದ.

ಹೊಲಿಗೆಯಕ್ಕ ಎದ್ದಳು. ಚಪ್ಪಾಳೆ ನಿಲ್ಲುವವರೆಗೆ ಮಾತಾಡದೆ ನಿಂತಳು. ಅದು ನಿಲ್ಲುವುದಕ್ಕೆ ಸಾಕಷ್ಟು ಹೊತ್ತೇ ಹಿಡಿಯಿತು.

"ಅವ್ರು ಹೋಗ್ತಾರೆ. ಅದು ನನಗೂ ಗೊತ್ತು, ಸಾಹುಕಾರ್ರಿಗೂ ಗೊತ್ತು. ಒಳ್ಳೆಯವನ ಕೈಲಿ ಪುಕ್ಕಟೆ ದುಡಿಸ್ಕೊಳೋದಕ್ಕೆ ಉಳಿತಾಯ ಅನ್ನಬೇಡಿ. ಅದಕ್ಕೆ ಬೇರೆ ಹೆಸರಿದೆ, ಶಾಲೇಲಿ ನಿಂತು ನಾನದನ್ನ ಹೇಳಲ್ಲ. ಅವರಿಗೆ ಅರವತ್ತೆರಡು. ಮಂಡಿ ಊರಿದ್ರೆ ಏಳೋಕೆ ಗುದ್ದಲಿ ಬೇಕು. ಇವತ್ತು ಈ ಸಾಲು ಹೊಡೆದುಹಾಕಿದ್ರೆ ನಾಳೆ ಅದನ್ನ ಮತ್ತೆ ಬರೆಯೋರಿಲ್ಲ. ಅವ್ರು ಬಿದ್ದ ದಿನ, ಸಂಬಳ ಇಲ್ಲದ ಕೆಲಸಕ್ಕೆ, ದಿನಾ ಎರಡು ಮೈಲಿ, ನಿಮ್ಮಲ್ಲಿ ಯಾರು ಬರ್ತೀರಿ? ಚಪ್ಪಾಳೆ ಹೊಡೆದ ಕೈಗಳನ್ನೇ ಎತ್ತಿ."

ಒಂದು ಕೈಯೂ ಏಳಲಿಲ್ಲ. ಅವಳು ಕೂರಲೂ ಇಲ್ಲ. ಮುಂದಿನ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಒಬ್ಬೊಬ್ಬರನ್ನೇ ನೋಡುತ್ತ ಬಂದಳು. ಯಾರ ಅಳತೆ ಎಷ್ಟೆಂದು ಗೊತ್ತಿದ್ದ ಕಣ್ಣು ಅದು. ಅರ್ಧ ಊರಿನ ಬಟ್ಟೆ ಹೊಲಿದವಳು. ದೊಡ್ಡ ದೊಡ್ಡವರು ಬೆಂಚಿನ ಮೇಲೆ ಮಕ್ಕಳು ಕೊರೆದಿಟ್ಟ ಗೀಟುಗಳನ್ನು ಓದತೊಡಗಿದರು. ಕಂಡಕ್ಟರು ಕೂಡ ತಲೆ ತಗ್ಗಿಸಿದರು.

"ಹಾಗಾದ್ರೆ ಸಂಬಳ ಇರ್ಲಿ" ಎಂದು ಕೂತಳು.

ಅಧ್ಯಕ್ಷರು ಕೈಯೆತ್ತಲು ಹೇಳಿದರು. ಒಡ್ಡಿನ ಸಾಲು ಉಳಿಯಲಿ ಎಂದವರ ಕೈಗಳನ್ನು ಗುಮಾಸ್ತರು ಎರಡು ಸಲ ಎಣಿಸಬೇಕಾಗಿ ಬರಲಿಲ್ಲ. ಆಮೇಲೆ ಮಾಡಿನ ಕೊರತೆ ಮತ್ತೆ ಎದ್ದು ನಿಂತಿತು. ಈ ಸಲ ಅದು ಒಬ್ಬರ ಮಡಿಲಿಗೆ ಬೀಳಲಿಲ್ಲ, ಇಡೀ ಕೋಣೆಯ ನಡುವೆ ಬಿತ್ತು. ಒಬ್ಬರು ದೀಪ ಎಂದರು, ಒಬ್ಬರು ಚರಂಡಿ ಎಂದರು, ಒಂದು ಗಂಟೆ ಜಗಳವಾಯಿತು. ಹತ್ತೊಂಬತ್ತು ವರ್ಷ ಐದು ಜನ ನುಂಗಿಕೊಂಡಿದ್ದ ಮಾತುಗಳನ್ನೆಲ್ಲ ಊರು ಒಂದೇ ಬೆಳಗ್ಗೆ ಕಕ್ಕಿತು. ಕೊನೆಗೆ ಮರದ ಸಾಹುಕಾರ, ಸೋತವನ ಸಿಹಿದನಿಯಲ್ಲಿ, ತಗ್ಗುಬೀದಿಯ ಕಲ್ಲುಹಾಸನ್ನು ಮುಂದಿನ ವರ್ಷಕ್ಕೆ ಹಾಕಬಹುದಲ್ಲ ಎಂದ. ಎಲ್ಲರೂ ಹೊಲಿಗೆಯಕ್ಕನ ಕಡೆ ನೋಡಿದರು. ಅವಳ ಬೀದಿಯವರೂ ನೋಡಿದರು, ಅದು ಬೇರೆ ಬಗೆಯ ನೋಟ.

ಕೋಣೆಯೊಳಗೆ ಗುಟ್ಟಾಗಿ ಕೇಳಿದಾಗ ಕೊಡದಿದ್ದುದನ್ನು ಅವಳು ಬಯಲಲ್ಲಿ ಕೊಟ್ಟಳು. ಮೊದಲ ಕೈ ಅವಳದೇ. ಒಂದು ವರ್ಷಕ್ಕೆ ಮಾತ್ರ, ಅದನ್ನೂ ಬರೆದುಕೊಳ್ಳಿ ಎಂದಳು. ಗುಮಾಸ್ತರು ಬರೆದುಕೊಂಡರು. ಅಧ್ಯಕ್ಷರು ಅವಳ ಮುಂದೆ ಕಾಗದ ಹಿಡಿದಾಗ ಸಹಿ ಹಾಕಿದಳು.

ಹೊರಗೆ ಭಾವ ಮುಖ ಊದಿಸಿಕೊಂಡು ನಿಂತಿದ್ದ. ಕೆಲಸ ಉಳಿದ ಸಂತೋಷವೆಲ್ಲಿ, ನನ್ನ ಮೊಣಕಾಲಿನ ವಿಷಯ ಊರಿಗೆಲ್ಲ ಯಾಕೆ ಸಾರಿದೆ ಎಂಬುದೇ ಅವನ ತಕರಾರು. ಇನ್ನು ಮೇಲೆ ಮೊದಲು ಬರೆಯಿರಿ, ಆಮೇಲೆ ಮುಚ್ಚಿರಿ ಎಂದು ಅವಳು ಹೇಳಿದ್ದು ಅವನ ಕಿವಿಗೆ ಹೋಯಿತೋ ಇಲ್ಲವೋ.

ತಗ್ಗುಬೀದಿಯ ತಿರುವಿನಲ್ಲಿ ಹಾಲಿನವಳು ಸೊಂಟದ ಮೇಲೆ ಕೈಯಿಟ್ಟು ಕಾದಿದ್ದಳು. ಅವಳ ಹಿಂದೆ ಇನ್ನೂ ನಾಲ್ಕೈದು ಜನ.

"ಒಂಬತ್ತು ವರ್ಷ ಕಾದಿದ್ವಿ ಕಣೇ. ನಿನ್ನನ್ನ ಕಳಿಸಿದ್ದು ಕಲ್ಲು ತರೋಕೆ, ಭಾವನ ಮನೆ ಒಲೆ ಉರಿಸೋಕಲ್ಲ."

ಹೊಲಿಗೆಯಕ್ಕ ನಿಂತಳು. ಕಣ್ಣು ಕೆಳಗೆ ಹಾಕಲಿಲ್ಲ. ಕೊಟ್ಟದ್ದು ನಾನೇ, ಬೈಯುವ ಹಕ್ಕು ನಿಮ್ಮದೇ ಎಂದಳು. ಆಮೇಲೆ, "ಬೈಯೋದಿದ್ರೆ ಬೆಳಿಗ್ಗೆ ಒಡ್ಡಿನ ಮೇಲೆ ಬಾ. ನಡೀತಾ ಬೈಬಹುದು. ಒಂದು ಬುಟ್ಟೀನೂ ಹೊತ್ಕೊಂಡು ಬಾ" ಎಂದಳು.

ಹಾಲಿನವಳು ಮೂತಿ ತಿರುವಿಕೊಂಡು ಹೋದಳು. ಬೆಳಿಗ್ಗೆ ಬಂದಳು. ಬೈಯುವುದಕ್ಕೇ ಬಂದಿದ್ದಳು, ಎರಡು ಮೈಲಿಯೂ ಬೈದಳು.